ನಿನ್ನ ದಾದಾನ ಸೌದಾ

ಚಳ್ಳಕೆರೆ, ಸೋಮವಾರ
11 ನವೆಂಬರ್ 2024

ಮುದ್ದಿನ ಮಗಳು ಮೆಹನಾಜಳಿಗೆ ಅಬ್ಬಾನ ಸಲಾಂ.

ಹೇಗಿದ್ದೀಯಾ? ರಿಹಾನ್‌ಗೆ ಮೂರು ತಿಂಗಳು ತುಂಬಿತಲ್ಲ, ಕತ್ತು ನಿಂತಿತೇ? ನೀನು ಸರಿಯಾಗಿ ಊಟ ಮಾಡುತ್ತೀಯಾ ಎಂದು ಕೇಳಿದರೆ ನಿನ್ನ ಗಂಡ ಮುಬಷೀರ್ "ಹ್ಞೂಂ" ಅನ್ನುತ್ತಾನೆ. ಆ ಹ್ಞೂಂನಲ್ಲಿ ಎಷ್ಟು ತೂಕ ಕಮ್ಮಿ ಎಂಬುದು ನಲವತ್ತು ವರ್ಷ ಶೇಂಗಾ ಮಾರುಕಟ್ಟೆಯಲ್ಲಿ ನಿಂತವನಿಗೆ ತಿಳಿಯುತ್ತದೆ. ಫೋನ್ ನೀನು ಎತ್ತುವುದಿಲ್ಲ, ಅದಕ್ಕೇ ಕಾಗದ. ಉರ್ದು ಬರೆಯಲು ನನಗೆ ಬಾರದು, ಓದಲು ನಿನಗೆ ಬಾರದು. ಕನ್ನಡ ಶಾಲೆ ನಮ್ಮಿಬ್ಬರ ಮಾನ ಉಳಿಸಿದೆ.

ಆವತ್ತು ಡಾಕ್ಟರಿಗೆ ತೋರಿಸೋಣ ಅಂದಿದ್ದಕ್ಕೆ "ನಾನೇನು ಹುಚ್ಚೀನಾ ಅಬ್ಬಾ" ಅಂದು ಫೋನ್ ಇಟ್ಟುಬಿಟ್ಟೆ. ಅದಕ್ಕೇ ಒಂದು ವಿಷಯ ಹೇಳಬೇಕು. ನನಗೆ ಹತ್ತು ವರ್ಷವಿದ್ದಾಗ ನನ್ನ ಅಪ್ಪ, ಅಂದರೆ ನಿನ್ನ ದಾದಾ, ಗೋಡೆಗೆ ಮುಖ ಮಾಡಿ ಮಲಗಿದರೆ ತಿಂಗಳುಗಟ್ಟಲೆ ಏಳುತ್ತಿರಲಿಲ್ಲ. ಯಾರಾದರೂ ವಿಚಾರಿಸಿದರೆ ನನ್ನ ಅಮ್ಮ, ಅಂದರೆ ನಿನ್ನ ದಾದಿ ಹಜರಾ ಬೀ, "ಅವರಿಗೆ ಸೌದಾ ಆಗೈತೆ" ಎನ್ನುತ್ತಿದ್ದಳು. ಸೌದಾ ಅಂದರೆ ನನಗೆ ಗೊತ್ತಿದ್ದದ್ದು ಒಂದೇ, ವ್ಯಾಪಾರ. ಅಪ್ಪ ಮಲಗಿಕೊಂಡೇ ಏನೋ ದೊಡ್ಡದನ್ನು ಕುದುರಿಸುತ್ತಿದ್ದಾರೆಂದು ಬಜಾರಿನ ತುಂಬ ಹೇಳಿಕೊಂಡು ತಿರುಗಿದೆ. ಪಕ್ಕದ ಮನೆಯ ಕುರಿಗಾರ ಚಿಕ್ಕೀರಪ್ಪನ ಕಿವಿಗೆ ಅದು ಸೌದೆ ಎಂದು ಬಿತ್ತು. "ಸಾಬ್ರಿಗೆ ಸೌದೆ ಬಂದೈತಂತಲ್ಲವ್ವಾ, ನಮಗೂ ಒಂದ್ ಹೊರೆ ಹಾಕ್ರಿ" ಎಂದು ಹಗ್ಗ ಹಿಡಿದು ಬಾಗಿಲಿಗೆ ಬಂದ. ದಾದಿ ನಕ್ಕಳು, ಆಮೇಲೆ ಒಲೆ ಮುಂದೆ ಕೂತು ಅತ್ತಳು. ಯಾಕೆಂದು ನನಗೆ ಹೊಳೆಯಲಿಲ್ಲ.

ಹೊಳೆದದ್ದು ಈಗ, ಐವತ್ತೆಂಟನೇ ವಯಸ್ಸಿಗೆ. ಹೋದ ತಿಂಗಳು ಉರ್ದು ಶಾಲೆಯ ನಿವೃತ್ತ ಮಲ್ಲಿಕ್ ಮೇಷ್ಟ್ರು ಬಿಡಿಸಿ ಹೇಳಿದರು: "ಲೇ ಇಮಾಮ್, ಸೌದಾ ಒಂದಲ್ಲ, ಎರಡೈತೆ. ಬಜಾರಿಂದು ಫಾರಸಿ. ನಿಮ್ಮಮ್ಮ ಹೇಳಿದ್ದು ಅರಬ್ಬಿ, ಕಪ್ಪು ಅಂತ." ಮೈಯಲ್ಲಿ ಕಪ್ಪು ಪಿತ್ತ ಹೆಚ್ಚಿದರೆ ಮನಸ್ಸು ಮುಳುಗುತ್ತದೆಂದು ಹಳೆಯ ಹಕೀಮರು ನಂಬಿದ್ದರಂತೆ. ಗ್ರೀಕರು ಅದನ್ನೇ ಮೆಲಂಕೋಲಿಯ ಅಂದರಂತೆ. ಅದರ ಅರ್ಥವೂ ಕಪ್ಪು ಪಿತ್ತವೇ. ಈಗಿನ ಡಾಕ್ಟರು ಪಿತ್ತದ ಮಾತನ್ನು ಒಪ್ಪುವುದಿಲ್ಲ, ಖಿನ್ನತೆ ಎನ್ನುತ್ತಾರೆ. ಹೆಸರು ತಪ್ಪಿದರೆ ಮಾಲು ಬೇರೆಯವರ ಗೋದಾಮಿಗೆ ಹೋಗಿಬಿಡುತ್ತದೆ. ದಾದಾನ ಕಾಯಿಲೆ ಹಾಗೆ ಹೋಯಿತು. ದಾದಿಯ ಬಾಯಲ್ಲಿ ಸರಿಯಾದ ಹೆಸರೇ ಇತ್ತು, ಕೇಳಿಸಿಕೊಂಡವರು ನಾವು ಸರಿಯಿರಲಿಲ್ಲ. ಒಂದು ಗುಳಿಗೆಯನ್ನೂ ಕಾಣದೆ ಅವರು ಅದೇ ಗೋಡೆಯ ಪಕ್ಕ ತೀರಿಕೊಂಡರು. ಅವರು ಹುಚ್ಚರಲ್ಲ ಬೇಟಾ. ನಮ್ಮೆಲ್ಲರ ಹೆಸರೂ ಅವರಿಗೆ ಗೊತ್ತಿತ್ತು, ಕರೆಯುವಷ್ಟು ಕಸುವಿರಲಿಲ್ಲ.

ರಿಹಾನ್‌ನ ಹಣೆಗೆ ನನ್ನ ಮುತ್ತು, ಬೀಗರಿಗೆಲ್ಲ ಸಲಾಂ. ಅಲ್ಲಾ ನಿನ್ನ ಕಣ್ಣಿಗೆ ನಿದ್ದೆ ಕೊಡಲಿ.

ನಿನ್ನ ಅಬ್ಬಾ
ಇಮಾಮ್ ಸಾಬ್

ಮರೆತಿದ್ದೆ. ಅಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಬಕ್ರೀದ್‌ನಿಂದ ನಾನೇ ದಾದಾ ಕಾಣದ ಆ ಖಿನ್ನತೆಯ ಗುಳಿಗೆ ನುಂಗುತ್ತಿದ್ದೇನೆ, ನಿಮ್ಮಮ್ಮನಿಗೆ ಬಿ.ಪಿ.ಯದು ಅಂದಿದ್ದೇನೆ. ಇಪ್ಪತ್ತನೇ ತಾರೀಕು ಬುಧವಾರ ಮತ್ತೆ ತೋರಿಸಬೇಕು. ಬೆಳಗಿನ ಬಸ್ಸಿಗೆ ಮೊಳಕಾಲ್ಮೂರಿಗೆ, ನಿಮ್ಮ ಮನೆಗೆ ಬರುತ್ತೇನೆ. ಅಬ್ಬಾನ ಜೊತೆ ಆಸ್ಪತ್ರೆಗೆ ಹೋಗಬೇಕೆಂದು ನಿಮ್ಮತ್ತೆಗೆ ಹೇಳು, ಅದು ಸುಳ್ಳಲ್ಲ. ಚೀಟಿ ನನ್ನ ಹೆಸರಲ್ಲೇ ಇರಲಿ. ಒಳಗೆ ಹೋದ ಮೇಲೆ ನಿನಗೆ ಮಾತಾಡಬೇಕು ಅನ್ನಿಸಿದರೆ ಮಗುವನ್ನು ನನ್ನ ಕೈಗೆ ಕೊಡು. ನಾನು ಹೊರಗೆ ಕೂರುತ್ತೇನೆ.