ಮಗು ಮಾಂಬಳ್ಳಿಗೆ ಬರುವುದು ಬೇಡ

ಮಾಂಬಳ್ಳಿ
೧೨ ಜನವರಿ ೨೦೨೪

ಮುದ್ದು ಮಗಳು ಭವ್ಯಳಿಗೆ ನಿನ್ನ ಅವ್ವ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಚೆನ್ನಾಗಿದ್ದೇವೆ. ಊರಿಗೆ ಮರಳಿ ಇಷ್ಟು ದಿನವಾದರೂ ಕಾಗದ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಕಬ್ಬು ಕಡಿಯುವವರಿಗೆ ಬೇಯಿಸಿ ಹಾಕುವುದರಲ್ಲೇ ಹೊತ್ತು ಹೋಯಿತು. ನಿಮ್ಮಪ್ಪ, "ಅಳಿಯಂದ್ರಿಗೆ ಒಂದ್ ಫೋನ್ ಮಾಡ್ಬುಡು, ಅವ್ರೇ ಯೋಳ್ತರೆ" ಅಂದರು. ನನ್ನ ಮಗಳ ಜತೆ ಮಾತಾಡಲು ನನಗೆ ದಲ್ಲಾಳಿ ಬೇಕೇ? ಅದಕ್ಕೇ ಈ ಕಾಗದ.

ನಿಮ್ಮೂರು ಮಧುವನಹಳ್ಳಿಗೆ ನಾನು ಯಾಕೆ ಬಂದಿದ್ದೆನೆಂದು ನಿನಗೆ ಗೊತ್ತಿತ್ತು. ನಿಮ್ಮತ್ತೆಯೇ ಹೇಳಿ ಕಳಿಸಿದ್ದರು: "ಕೂಸು ಅತ್ರೂ ಕೇಳ್ಸ್ದಿರೋ ತಾಯಿ ಕೈಲಿ ಎಂಗ್ ಬುಡದು? ನೀನೇ ತಕಂಡೋಗಿ ಸಾಕು ಕಣವ್ವ." ನಾಲ್ಕು ವರ್ಷದ ಹಿಂದೆ ಆ ಹಟಮಾರಿ ಟೀಬಿಗೆ ಕೊಟ್ಟ ಇಂಜೆಕ್ಷನ್ನು ನಿನ್ನ ಜೀವ ಉಳಿಸಿ ಕಿವಿ ಕಿತ್ತುಕೊಂಡಿತು. ಒಳಗಿನ ನರವೇ ಸತ್ತಿದೆ, ಮತ್ತೆ ಚಿಗುರುವುದಿಲ್ಲ ಎಂದು ಡಾಕ್ಟರು ಅಂದ ದಿನ, ಆ ಮದ್ದಿಗೆ ಕೈಮುಗಿಯಬೇಕೋ ಶಾಪ ಹಾಕಬೇಕೋ ತಿಳಿಯದೆ ಕೂತಿದ್ದೆ. ಈಗಲೂ ಕತ್ತಲಾದರೆ ನಿನ್ನ ಕಾಲು ತೂರಾಡುತ್ತದೆ, ಕಿವಿಯೊಳಗೆ ಜೀರುಂಡೆ ಕೂಗುತ್ತದೆ ಅನ್ನುತ್ತೀಯ. ಇಂಥವಳು ಹತ್ತು ತಿಂಗಳ ಕೂಸನ್ನು ಹೇಗೆ ಸಾಕುತ್ತಾಳೆ ಎಂಬ ಹೆದರಿಕೆ ನನಗೂ ಇತ್ತು. ಸುತ್ತಿ ಎತ್ತಿಕೊಂಡು ಬರಲು ಹಳೇ ಸೀರೆಯೊಂದನ್ನು ಒಗೆದು ತಂದಿದ್ದೆ.

ಆ ಮಧ್ಯಾಹ್ನ ನೀನು ಕೂಸನ್ನು ನನ್ನ ಹತ್ತಿರ ಚಾಪೆಯ ಮೇಲೆ ಬಿಟ್ಟು ರೇಷ್ಮೆಹುಳುಗಳಿಗೆ ಸೊಪ್ಪು ಹಾಕುತ್ತಿದ್ದೆ. ನಾನು ಬೆಳಕಿಗೆ ಮುಖಮಾಡಿ ಅವರೆಕಾಯಿ ಸುಲಿಯುತ್ತಿದ್ದೆ. ಸದ್ದಿಲ್ಲ, ನಿದ್ದೆ ಹೋಗಿರಬೇಕು ಅಂದುಕೊಂಡೆ. ಕಿವಿ ಇದ್ದವಳ ಲೆಕ್ಕ ಅದು! ನೀನು ಸೊಪ್ಪು ಬಿಸಾಡಿ ಓಡಿ ಬಂದಾಗಲೇ ನಾನು ತಿರುಗಿದ್ದು. ಕೂಸಿನ ಮುಖ ನೀಲಿಗಟ್ಟಿತ್ತು. ಹೋದ ಬೆಳೆಯ ರೇಷ್ಮೆಯ ಜೊಳ್ಳುಗೂಡೊಂದು ಎಲ್ಲೋ ಮೂಲೆಯಲ್ಲಿ ಸಿಕ್ಕಿ, ಅದನ್ನು ಬಾಯಿಗೆ ತುರುಕಿಕೊಂಡು, ಅಳಲೂ ಆಗದೆ ಒದ್ದಾಡುತ್ತಿತ್ತು. ನಾನು ಏಳುವಷ್ಟರಲ್ಲಿ ನೀನು ಮುಂಗೈ ಮೇಲೆ ಬೋರಲು ಹಾಕಿ ಬೆನ್ನಿಗೆ ಗುದ್ದಿದೆ. ಗೂಡು ಹೊರಬಿತ್ತು. ಕೂಸು ಕಿರುಚಿ ಅತ್ತಿತು, ಹೋದ ಜೀವ ಬಂತು.

ಆಮೇಲೆ ನೀನು ಊರಿಗೆಲ್ಲ ಕೇಳುವ ಆ ನಿನ್ನ ಗಂಟಲಲ್ಲಿ, "ಸದ್ದಿಲ್ಲ ಅಂತ ನೀನ್ ಸುಮ್ಕಿದ್ಬುಟ್ಟೆ ಕಣವ್ವ. ನಂಗೆ ಯಾವಾಗ್ಲೂ ಸದ್ದಿರಕಿಲ್ವಲ್ಲ, ಗಳ್ಗೆಗೊಂದ್ ಸಲ ಬಗ್ಗಿ ನೋಡ್ತಿರ್ತೀನಿ" ಅಂದೆ. ಬೈದಿದ್ದರೂ ಸಹಿಸುತ್ತಿದ್ದೆ, ನೀನು ಬೈಯಲೂ ಇಲ್ಲ. ಹೆತ್ತವಳು ನಾನಾದರೂ ಅಂದು ನಿನಗೆ ಕೈಮುಗಿಯೋಣ ಅನ್ನಿಸಿತು. ಇಷ್ಟು ಗಟ್ಟಿಗಿತ್ತಿ ನನ್ನ ಹೊಟ್ಟೆಯಲ್ಲಿ ಹುಟ್ಟಿದಳೇ ಎಂದು ಈಗಲೂ ಕೆಲಸದ ನಡುವೆ ನೆನೆದು ಒಬ್ಬಳೇ ನಗುತ್ತೇನೆ.

ನಿಮ್ಮತ್ತೆಗೆ ಅವತ್ತೇ ಹೇಳಿದೆ: "ಬೀಗ್ತಿ, ಕೂಸು ಮಾಂಬಳ್ಳಿಗೆ ಬರದ್ ಬ್ಯಾಡ. ನನ್ ಕಣ್ಣಿಗಿಂತ ಅವಳ್ ಕಣ್ಣೇ ಮೇಲು." ಅವರು ರಾತ್ರಿ ಊಟಕ್ಕೆ ಕೂತಾಗ ಮೊದಲ ಮುದ್ದೆಯನ್ನು ನಿನ್ನ ತಟ್ಟೆಗೆ ಹಾಕಿದರು. ನೀನು ಗಮನಿಸಿದೆಯೋ ಇಲ್ಲವೋ, ನಾನು ನೋಡಿದೆ.

ಕತ್ತಲಲ್ಲಿ ಹಿತ್ತಲಿಗೆ ಒಬ್ಬಳೇ ಹೋಗಬೇಡ. ಅವರೆಕಾಳು ಕಳಿಸುತ್ತೇನೆ. ಅಳಿಯಂದಿರನ್ನು ಕೇಳಿದೆನೆಂದು ಹೇಳು. ಮಾದಪ್ಪ ನಿನ್ನನ್ನೂ ಕೂಸನ್ನೂ ತಣ್ಣಗಿಟ್ಟಿರಲಿ.

ನಿನ್ನ ಅವ್ವ,
ಪುಟ್ಟಮಲ್ಲಮ್ಮ

ತಾ.ಕ.: ನಾನು ಹೊರಟ ದಿನ ನೀನು ಅತ್ತ ತಿರುಗಿ ನನ್ನ ಬ್ಯಾಗು ತುಂಬುತ್ತಿದ್ದೆ. ನಿನ್ನ ಮಗಳು ನಿನ್ನ ಬೆನ್ನಿನ ಕಡೆ ಕೈಚಾಚಿ, ಮೊದಲ ಸಲ, "ಅವ್ವಾ" ಅಂದಳು. ನೀನು ತಿರುಗಲಿಲ್ಲ. ಮತ್ತೆ ಅಂದಳು. ನಿನ್ನ ಭುಜ ತಟ್ಟಲು ಕೈಯೆತ್ತಿದೆ. ಆದರೆ ಹೇಗೆ ಹೇಳಲಿ ಎಂದು ತಿಳಿಯದೆ ಹಿಂದಕ್ಕೆ ಎಳೆದುಕೊಂಡೆ. ಬಸ್ಸು ಕೊಳ್ಳೇಗಾಲ ದಾಟುವ ತನಕ ಅಳುತ್ತಲೇ ಇದ್ದೆ. ಇನ್ನು ಮೇಲೆ ಅವಳ ತುಟಿಯನ್ನೂ ನೋಡುತ್ತಿರು ಮಗಳೇ, ನಿನ್ನನ್ನು ಕರೆಯುತ್ತಾಳೆ. ಅವತ್ತು ಯಾರೂ ಓಗೊಡದಿದ್ದರೆ ಕರೆಯುವುದನ್ನೇ ಬಿಟ್ಟಾಳು ಎಂದು ಹೆದರಿ, ನಿನ್ನ ಬದಲಿಗೆ ನಾನೇ "ಓ" ಅಂದುಬಿಟ್ಟೆ.