ಎಲ್ಲರೂ ಅಣ್ಣನ ಹೆಸರಲ್ಲಿ

ಅಣ್ಣನಿಗೆ,

ನೀನು ಫೋನ್ ಎತ್ತುವುದಿಲ್ಲ, ಅದಕ್ಕೆ ಇದನ್ನು ಅತ್ತಿಗೆಯ ಕೈಲೇ ಕಳಿಸುತ್ತಿದ್ದೇನೆ.

ಮುಖಪುಟದ ಹಳದಿ ಮಂಕಾಯಿತೆಂದು ನನ್ನ ಜತೆ ಜಗಳವಾಡಿ, ಪಾಸ್‌ವರ್ಡ್ ಬದಲಿಸಿ ನೀನು ಪ್ರೆಸ್ ಬಿಟ್ಟು ಹೊರಟೆ. ಮರುದಿನ ಒಂದು ಕಂಪ್ಯೂಟರಿಗೂ ಸರ್ವರ್ ಬಾಗಿಲು ತೆಗೆಯಲಿಲ್ಲ. ಸೋಮವಾರ ಅಚ್ಚಾಗಬೇಕಾದ ಶಾಲಾಪುಸ್ತಕದ ಪುಟಗಳೆಲ್ಲ ಅದರ ಹೊಟ್ಟೆಯಲ್ಲಿ. ರಿಪೇರಿಯವನು ಬಂದು ಕೇಬಲ್ ಬದಲಿಸಿ, “ಈ ಯುನಿಕ್ಸ್ ಸರ್ವರ್ ಹಳೇದಾಯ್ತು, ಎಸೆದುಬಿಡಿ” ಅಂದ. ನಾನು ಅವನನ್ನೇ ಸಾಗಹಾಕಿದೆ.

ಕರೆದರೆ ಸರ್ವರ್ ಓಗೊಡುತ್ತಿತ್ತು, ಹೆಸರು, ಪಾಸ್‌ವರ್ಡ್ ಹೇಳಿದ ಮೇಲೆ ಮುಖ ತಿರುಗಿಸುತ್ತಿತ್ತು. ಆಗ ಹೊಳೆಯಿತು: ಇಷ್ಟು ವರ್ಷ ನಾವೆಲ್ಲರೂ ನಿನ್ನ ಹೆಸರಲ್ಲೇ ಒಳಗೆ ಹೋಗುತ್ತಿದ್ದೆವು! ಇಡೀ ಸರ್ವರನ್ನೇ ಆಳುವ ಪಾಸ್‌ವರ್ಡ್ ಬೇರೆಯೇ ಇದೆ, ಅದನ್ನು ಅಪ್ಪ ನನಗೂ ಕೊಟ್ಟಿದ್ದು ನಿನಗೆ ಮರೆತುಹೋಗಿತ್ತು. ಪ್ರತಿಯೊಬ್ಬರಿಗೂ ಅವರವರ ಹೆಸರಿನ ಖಾತೆ ಮಾಡಿಕೊಟ್ಟೆ. ಫೈಲುಗಳು ತೆರೆದವು, ಆದರೆ ತಿದ್ದಿದ್ದು ಉಳಿಯಲಿಲ್ಲ. ಫೋಲ್ಡರಿನ ಒಡೆಯ ನೀನು, ಬರೆಯುವ ಹಕ್ಕೂ ನಿನಗೊಬ್ಬನಿಗೇ.

“ಒಂದು ಸಾಲು ಟೈಪ್ ಮಾಡಿ ಫೋಲ್ಡರನ್ನೇ ನಿನ್ನ ಹೆಸರಿಗೆ ಮಾಡ್ಕೋ ಮಾರಾಯ್ತಿ, ಪೀಡೆ ಕಳೀತು” ಅಂದಿದ್ದು ನಿನ್ನ ಹೆಂಡತಿಯೇ. ನಾನು ಮಾಡಲಿಲ್ಲ. ಎಲ್ಲರನ್ನೂ ಒಂದು ಗುಂಪಿಗೆ ಸೇರಿಸಿ, ಬರೆಯುವ ಹಕ್ಕನ್ನು ಆ ಗುಂಪಿಗೆ ಕೊಟ್ಟೆ. ಈಗ ಎಲ್ಲರ ಕೆಲಸವೂ ಉಳಿಯುತ್ತಿದೆ. ಗುಂಪಿನಲ್ಲಿ ನೀನೂ ಇದ್ದೀಯ, ಒಡೆಯನ ಜಾಗದಲ್ಲೂ ನೀನೇ.

ನೀನು ಬಂದರೂ ಬರದಿದ್ದರೂ ಸೋಮವಾರ ಪುಸ್ತಕ ಅಚ್ಚಾಗುತ್ತದೆ. ಮುಖಪುಟದ ಫೈಲನ್ನು ಮಾತ್ರ ಯಾರೂ ಮುಟ್ಟಿಲ್ಲ. ಆ ಹಳದಿ ನನಗೂ ಈಗ ಸ್ವಲ್ಪ ಮಂಕಾಗಿ ಕಾಣುತ್ತಿದೆ. ನಾಳೆ ಬೆಳಿಗ್ಗೆ ಬಾ. ನೀನು ಪಾಸ್‌ವರ್ಡ್ ಒತ್ತುವಾಗ ನಾನು ಗೋಡೆಯ ಕಡೆ ತಿರುಗಿ ನಿಲ್ಲುತ್ತೇನೆ.

ಇಂತಿ,
ನಿನ್ನ ಹಟಮಾರಿ ತಂಗಿ