ಮೊದಲ ಬಾಟಲಿ

ಬದಲಾಪುರ
೬ ಅಕ್ಟೋಬರ್ ೨೦೨೫

ಪ್ರೀತಿಯ ಲೋಕಣ್ಣನಿಗೆ,

ಕಾಲಿಗೆ ಬಿದ್ದೆನೆಂದು ತಿಳಿದುಕೊಳ್ಳಿ. ಚೌತಿಗೇ ಬರೆಯಬೇಕಿತ್ತು, ಬರೆದು ಹರಿದು, ಬರೆದು ಹರಿದು ದೀಪಾವಳಿ ಹತ್ತಿರ ಬಂತು. ಫೋನ್ ಮಾಡಿದರೆ "ಗಿರಾಕಿ ಇದ್ದಾರೆ, ಇಡ್ತೇನೆ" ಅನ್ನುತ್ತೀರಿ. ನೆರೂಳಿನ ನಿಮ್ಮ ಹೋಟೆಲಿಗೆ ಮಧ್ಯಾಹ್ನ ಮೂರಕ್ಕೆ ಯಾವ ಗಿರಾಕಿ ಬರುತ್ತಾರೆಂದು ನನಗೆ ಗೊತ್ತಿಲ್ಲವೇ?

ಖುಷಿಯ ಸುದ್ದಿ ಮೊದಲು. ನಮ್ಮ ದ್ರಾಕ್ಷಿ ತೋಟದ ಮೊದಲ ವೈನ್ ಬಾಟಲಿಗೆ ಇಳಿದಿದೆ. ಇಲ್ಲಿಯ ಮಳೆಗೆ ದ್ರಾಕ್ಷಿಯೇ ಎಂದು ನಕ್ಕವರೆಲ್ಲ ಈಗ ತಮಗೂ ಒಂದು ತೆಗೆದಿಡಿ ಅನ್ನುತ್ತಿದ್ದಾರೆ.

ನಮ್ಮ ಮನೆಯವರ ಅವತಾರ ನೀವು ನೋಡಬೇಕು. ರಾಸಾಯನಿಕ ಗೊಬ್ಬರ, ಮದ್ದು ಯಾವುದೂ ಕೂಡದು, ಎಲ್ಲ ಬಯೋಡೈನಾಮಿಕ್. ಹಸುವಿನ ಕೊಂಬಿಗೆ ಸೆಗಣಿ ತುಂಬಿ ಚಳಿಗಾಲವಿಡೀ ಹೂತಿಟ್ಟು, ಆಮೇಲೆ ಅದನ್ನು ನೀರಿಗೆ ಹಾಕಿ ತಿರುಗಿಸಿ ತೋಟಕ್ಕೆ ಚಿಮುಕಿಸುವುದು. ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗಿಸಬೇಕು. ಕಳಂಬೋಲಿಯ ನಮ್ಮ ಹೋಟೆಲಿನಲ್ಲಿ ಜನ್ಮವಿಡೀ ಸಾಂಬಾರು ತಿರುಗಿಸಿದ ಕೈ ಎಡಕ್ಕೆ ಬರುವುದೇ ಇಲ್ಲ. ಕೊನೆಗೆ ಅಭ್ಯಾಸಬಲದಿಂದ ರುಚಿ ನೋಡಲು ಸೌಟನ್ನು ಬಾಯಿಯ ಹತ್ತಿರ ತಂದರು. ನಾನು ಕೂಗದಿದ್ದರೆ ಮುಗಿಯುತ್ತಿತ್ತು.

ಕೊಂಬು ಹೂಳುವುದನ್ನು ಕಂಡ ಪಕ್ಕದ ಪಾಟೀಲರ ಹೆಂಡತಿ ಮಾಟವೆಂದು ಹೆದರಿ ನಮ್ಮ ಗೇಟಿಗೆ ನಿಂಬೆ, ಮೆಣಸು ಕಟ್ಟಿ ಹೋದರು. ಇವರು ಆ ನಿಂಬೆಯದ್ದೇ ಶರಬತ್ತು ಮಾಡಿ ಅವರಿಗೆ ಕೊಟ್ಟು ಬಂದರು.

ಆದರೆ ಅಣ್ಣ, ನಾವು ಒಂದು ಬಾಟಲಿಯನ್ನೂ ತೆರೆದಿಲ್ಲ. "ಮಮ್ಮಿ, ಖೋಲೋ ನಾ, ಮಾಮಾ ಕೋ ಬಾದ್ ಮೇಂ ಬತಾ ದೇಂಗೆ" ಎಂದು ಮಗಳು ಪ್ರಣೀತಾ ದಿನಾ ಕಾಡುತ್ತಾಳೆ; ಮೊದಲು ತೆರೆದು, ಮಾವನಿಗೆ ಆಮೇಲೆ ಹೇಳಿದರಾಯಿತಂತೆ. ಹೊಸ ಬೆಳೆ ಬಾಯಿಗಿಡುವ ಮುಂಚೆ ಹಿರಿಯರಿಗೆ "ಹೊಸತು ಉಣ್ಣುತ್ತೇನೆ" ಎಂದು ಹೇಳಿ, "ಉಣ್ಣು" ಎನಿಸಿಕೊಳ್ಳುವುದು ನಮ್ಮ ಮನೆಯ ಕ್ರಮ. ಈಗ ಹಾಗೆ ಕೇಳಲು ನನಗೆ ಉಳಿದವರು ನೀವೊಬ್ಬರೇ. ಹೋಟೆಲ್ ಮಾರಿ ದ್ರಾಕ್ಷಿ ಹಾಕಿದಂದಿನಿಂದ ನೀವು ನಮ್ಮ ಮೆಟ್ಟಿಲು ಹತ್ತಿಲ್ಲ. ದೀಪಾವಳಿಗೆ ಬನ್ನಿ, ಪತ್ರೊಡೆ ಮಾಡುತ್ತೇನೆ. ನೀವು ಕುಡಿಯುವುದು ಬೇಡ, ನಮಗೆ "ಕುಡಿ" ಎಂದರೆ ಸಾಕು. ಬೇಡವೆಂದರೆ ಬಾಟಲಿಗಳು ಹಾಗೇ ಇರುತ್ತವೆ. ನನಗೆ ತುಂಬ ಬೇಸರವಾಗುತ್ತದೆ, ಅದನ್ನೂ ಹೇಳಿಬಿಡುತ್ತೇನೆ.

ಅತ್ತಿಗೆಗೆ ನಮಸ್ಕಾರ. ನಿಮ್ಮ ಮೊಮ್ಮಗಳು ತನ್ವಿಗೆ ದೇವರು ಅಜ್ಜನ ಸಿಟ್ಟೊಂದು ಬಿಟ್ಟು ಉಳಿದ ಗುಣವೆಲ್ಲ ಕೊಡಲಿ.

ನಿಮ್ಮ ತಂಗಿ,
ಪ್ರಫುಲ್ಲಾ

ತಾ.ಕ.: ಇದನ್ನು ಬರೆಯಲು ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಅಪ್ಪನನ್ನು ಕುಡಿತವೇ ಕೊಂಡುಹೋಯಿತು. ನೀವು ಶಾಲೆ ಬಿಟ್ಟು ಮುಂಬಯಿಗೆ ಬಂದು, ಲೋಟ ತೊಳೆದು ನನ್ನನ್ನು ಓದಿಸಿದಿರಿ. ದೀಪಾವಳಿಗೆ ತೀರಿಹೋದವರಿಗೆ ಎಲೆ ಹಾಕುವಾಗ ಎಲ್ಲರ ಎಲೆಯ ಪಕ್ಕ ಕಳ್ಳು ಇಟ್ಟರೂ ಅಪ್ಪನಿಗೆ ಮಾತ್ರ ನೀರು ಇಡುತ್ತಾ ಬಂದಿರಿ. ಈ ಸಲ ನಮ್ಮ ಮನೆಯಲ್ಲಿ ಅಪ್ಪನ ಎಲೆಗೆ ಏನು ಇಡಲಿ, ಅಣ್ಣ? ನೀವು ನೀರು ಎಂದರೆ ನೀರೇ. ಆದರೆ ನೀವೇ ಬಂದು ಇಡಬೇಕು.